ಹೊಳೆಯ ಈಚೆ ದಡದ ಶನಿವಾರ

"ನಂಬಿದರೆ ನಂಬಿ, ಬಿಟ್ಟರೆ ಬಿಡಿ ಗುರುಗಳೇ. ಈ ಕರಾವಳಿಯ ಉದ್ದಕ್ಕೂ ಹುಡುಕಿ ಬನ್ನಿ. ತೋರಾದ ಪಾಠವನ್ನು ನನ್ನ ಹಾಗೆ ತಡವರಿಸದೆ ಓದುವ ಇನ್ನೊಬ್ಬ ನಿಮಗೆ ಸಿಕ್ಕುವುದಿಲ್ಲ. ಆದರೂ ನಾಳೆ ಎಲ್ಲರೆದುರು ಆ ಒಂದು ಮಾತು ನನ್ನ ಬಾಯಿಂದ ಹೊರಡುವುದಿಲ್ಲ."

ಹೀಗೆಂದವನು ಎಲೋಜಿ, ಕೊಂಕಣದ ಹಳ್ಳಿಯಿಂದ ಬಂದ ಯೆಹೂದಿ ತರುಣ. ತೋಳಿನಲ್ಲಿ ಬಲವಿತ್ತು, ನಾಲಗೆಯಲ್ಲಿ ಅದಕ್ಕಿಂತ ಹೆಚ್ಚು ಬಲವಿತ್ತು. ಮರುದಿನ ತೋರಾ ದೊರೆತ ದಿನದ ಹಬ್ಬ. ಬಹಳ ಹಿಂದೆ ಸೀನಾಯಿ ಬೆಟ್ಟದ ಬುಡದಲ್ಲಿ ದೇವರು ಯೆಹೂದಿಗಳಿಗೆ ತನ್ನ ಮಾತನ್ನು ಕೊಟ್ಟ. ಆ ಮಾತೇ ತೋರಾ. ಹಬ್ಬದಂದು ಅದನ್ನು ಓದಲು ಗುರುಗಳು ಎಲೋಜಿಯನ್ನು ಆರಿಸಿದ್ದರು. ಓದುವ ಮೊದಲು ಅವನೊಂದು ಸ್ತೋತ್ರ ಹೇಳಬೇಕಿತ್ತು: 'ನಮಗೆ ತೋರಾ ಕೊಟ್ಟವನೇ, ನಿನಗೆ ಸ್ತುತಿ.'

"ಯಾವ ಮಾತಪ್ಪಾ ಅದು, ಹೊರಡದಿರುವುದು?" ಎಂದು ಗುರುಗಳು ಕೇಳಿದರು.

"ನಮಗೆ ಕೊಟ್ಟ ಎನ್ನುವ ಮಾತು. ಕೊಟ್ಟದ್ದು ಬೆಟ್ಟದ ಬುಡದಲ್ಲಿ ನಿಂತಿದ್ದವರಿಗೆ. ನಾನಲ್ಲಿ ನಿಂತಿರಲಿಲ್ಲ. ನನ್ನಪ್ಪ ನಿಂತಿರಲಿಲ್ಲ, ಅವನಪ್ಪ ನಿಂತಿರಲಿಲ್ಲ. ನಾನು ಜಂಬದವನು ಇರಬಹುದು, ಸುಳ್ಳನಲ್ಲ. ಯಾರಿಗೋ ಕೊಟ್ಟದ್ದನ್ನು ನನಗೆ ಕೊಟ್ಟ ಎಂದು ದೇವರ ಮುಂದೆಯೇ ಹೇಗೆ ಹೇಳಲಿ? ನನಗೆ ಯಾವಾಗ ಕೊಟ್ಟ, ಅದನ್ನು ತೋರಿಸಿ. ತೋರಿಸಿದರೆ ಓದುತ್ತೇನೆ. ಇಲ್ಲವಾದರೆ ನಾಳೆಗೆ ಬೇರೆಯವರನ್ನು ನೋಡಿಕೊಳ್ಳಿ."

ಗುರುಗಳು ಬೈಯಲಿಲ್ಲ.

"ನನ್ನ ಕತೆಯನ್ನೂ ನಂಬಿದರೆ ನಂಬು, ಬಿಟ್ಟರೆ ಬಿಡು," ಎಂದು ಹೇಳತೊಡಗಿದರು.

ಕಡಲ ಹತ್ತಿರ, ಒಂದು ಹೊಳೆಯ ಆಚೆ ದಡದಲ್ಲಿ ಒಂದು ಊರಿತ್ತು. ಅಲ್ಲಿದ್ದವರು ಗಾಣಿಗರು, ನಮ್ಮ ಜನ. ಅವರ ಹಿರಿಯರು ಹಡಗು ಒಡೆದು ಈಜಿ ದಡ ಸೇರಿದವರು. ಪುಸ್ತಕಗಳು ಕಡಲಿನ ಪಾಲಾಗಿದ್ದವು. ತಲೆಮಾರುಗಳು ಕಳೆದವು. ಭಾಷೆ ಹೋಯಿತು, ಹಾಡು ಹೋಯಿತು, ಹಬ್ಬಗಳ ಹೆಸರೂ ಹೋಯಿತು. ಉಳಿದದ್ದು 'ಕೇಳು ಇಸ್ರಾಯೇಲೇ, ನಮ್ಮ ದೇವರು ಒಬ್ಬನೇ' ಎಂಬ ಒಂದು ಸಾಲು. ಅದರ ಜೊತೆಗೆ ಶನಿವಾರ ಉಳಿಯಿತು, ಯಾವ ಕೆಲಸವನ್ನೂ ಮಾಡಬಾರದೆಂದು ತೋರಾ ಹೇಳುವ ಬಿಡುವಿನ ದಿನ.

ಆ ಊರಿನ ಶನಿವಾರ ಶುಕ್ರವಾರ ಸಂಜೆಗೇ ಶುರುವಾಗುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಹೆಂಗಸರು ತಮ್ಮ ತಮ್ಮ ಗಾಣದ ಎಣ್ಣೆಯಲ್ಲಿ ದೀಪ ಹಚ್ಚುವರು. ದೀಪ ಹತ್ತಿತೋ, ಗಾಣ ನಿಂತಿತು. ಎತ್ತಿನ ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿ ನೊಗ ಇಳಿಸುವರು. ಮರುದಿನ ಸಂಜೆ ನಕ್ಷತ್ರ ಮೂಡುವವರೆಗೆ ಎತ್ತಿನ ಹೆಗಲಿಗೂ ಹೊರೆಯಿಲ್ಲ, ಮನುಷ್ಯನ ಹೆಗಲಿಗೂ ಹೊರೆಯಿಲ್ಲ. ಯಾಕೆ ಎಂದು ಕೇಳಿದರೆ ಹೇಳಬಲ್ಲವರು ಊರಲ್ಲಿ ಇರಲಿಲ್ಲ. 'ಅಜ್ಜ ಹೊರುತ್ತಿರಲಿಲ್ಲ, ನಾವೂ ಹೊರುವುದಿಲ್ಲ' ಎನ್ನುವರು. ಸುತ್ತಲಿನವರು ಅವರನ್ನು ಶನಿವಾರದ ಗಾಣಿಗರು ಎಂದು ಕರೆದರು. ಕೆಲವರು ಗೇಲಿಗೆ ಕರೆದರು. ಗಾಣಿಗರು ಅದನ್ನು ಬಿರುದೆಂದುಕೊಂಡು ತಲೆಯೆತ್ತಿ ನಡೆದರು.

ಒಮ್ಮೆ ಬಂದರಿಗೆ ದೂರದೇಶದ ಯೆಹೂದಿ ವ್ಯಾಪಾರಿಯೊಬ್ಬ ಬಂದ. ಶನಿವಾರ ಗಾಣ ತಿರುಗದ ಊರೊಂದಿದೆ ಎಂಬ ಸುದ್ದಿ ಅವನ ಕಿವಿಗೆ ಬಿತ್ತು. ತಾನೇ ಹೋಗಿ ನೋಡಿದ. ಆ ಒಂದು ಸಾಲನ್ನು ಅವರ ಬಾಯಿಂದ ಕೇಳಿದ. 'ನೀವು ನಮ್ಮವರು. ನಿಮಗೆ ತೋರಾದ ಸುರುಳಿ ಬರೆಸಿಕೊಡುತ್ತೇನೆ' ಎಂದು ಮಾತು ಕೊಟ್ಟು ಹೋದ. ಸುರುಳಿ ಬರೆಯುವುದೆಂದರೆ ತೊಗಲಿನ ಮೇಲೆ ಒಂದೊಂದೇ ಅಕ್ಷರ ಕೂಡಿಸುವ ಕೆಲಸ. ಕಾಲ ಹಿಡಿಯಿತು. ಕೊನೆಗೆ ಒಂದು ದಿನ ಹೇಳಿಕೆ ಬಂತು: 'ಸುರುಳಿ ಬಂದರು ಮುಟ್ಟಿದೆ. ಒಯ್ಯಿರಿ.' ಓದುವವನೊಬ್ಬನನ್ನು ವ್ಯಾಪಾರಿ ಮುಂಚೆಯೇ ಊರಿಗೆ ಕಳಿಸಿದ್ದ.

ಊರಿನ ಹಿರಿಯ ಎಲ್ಲರನ್ನೂ ಸೇರಿಸಿದ. ಓದುವವನು ಪದ್ಧತಿ ಹೇಳಿಕೊಟ್ಟ. ಸುರುಳಿ ಇರುವುದು ದುಂಡನೆಯ ಭಾರದ ಮರದ ಪೆಟ್ಟಿಗೆಯಲ್ಲಿ. ಓದುವ ಮೊದಲು ಒಬ್ಬ ಗಟ್ಟಿ ಆಳು ಆ ಪೆಟ್ಟಿಗೆಯನ್ನು ತೆರೆದು, ತೆರೆದಂತೆಯೇ ತಲೆಯ ಮೇಲಕ್ಕೆತ್ತಿ, ಒಳಗಿನ ಅಕ್ಷರ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಬೇಕು. ಆಗ ಜನ ಎದ್ದು ನಿಂತು 'ಇದೇ ತೋರಾ' ಎನ್ನಬೇಕು.

"ನಾನು ಎತ್ತುತ್ತೇನೆ," ಎಂದು ಒಬ್ಬ ತರುಣ ಗಾಣಿಗ ಎದ್ದು ನಿಂತ.

ಅವನ ಬಲ ಊರಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ತಿಳಿಸುತ್ತಿದ್ದ. ಎತ್ತಿಗೆ ಜ್ವರ ಬಂದ ದಿನ ನೊಗಕ್ಕೆ ತಾನೇ ಹೆಗಲು ಕೊಟ್ಟು ಗಾಣ ತಿರುಗಿಸಿದ್ದ. ಅಂದಿನ ಎಣ್ಣೆ ಎತ್ತಿನ ಎಣ್ಣೆಗಿಂತ ತಿಳಿಯಾಗಿತ್ತು ಎಂದು ಹೇಳಿಕೊಂಡು ತಿರುಗಿದ್ದ. ಅವನಿಗೆ ಅಪ್ಪ ಅಮ್ಮ ಇರಲಿಲ್ಲ. ಸಾಕಿದವಳು ಅಜ್ಜಿ.

ಅವನ ದಾಯಾದಿಯೂ ಎದ್ದು ನಿಂತ. "ಎತ್ತುವುದಕ್ಕೆ ತೋಳು ಸಾಕು, ಬಾಯಿ ಬೇಡ. ನಾನು ಎತ್ತುತ್ತೇನೆ."

ಹಿರಿಯ ಇಬ್ಬರನ್ನೂ ನೋಡಿದ. "ಬಂದರಿನಿಂದ ಹೊತ್ತು ತಂದವನೇ ಎತ್ತಲಿ. ಈ ಶುಕ್ರವಾರ ದೀಪ ಹತ್ತುವ ಮೊದಲು ಪೆಟ್ಟಿಗೆ ಊರೊಳಗಿರಬೇಕು. ಶನಿವಾರ ಬೆಳಿಗ್ಗೆ ಓದಬೇಕು. ಯಾರು ಹೋಗುತ್ತೀರಿ?"

"ನಾನು," ಎಂದು ತರುಣ ಗಾಣಿಗ ದಾಯಾದಿ ಬಾಯಿ ತೆರೆಯುವ ಮೊದಲೇ ಹೇಳಿದ. "ಗಾಡಿ ಬೇಡ, ಜೊತೆ ಬೇಡ. ಈ ಹೆಗಲು ಸಾಕು. ದೀಪಕ್ಕೆ ಬತ್ತಿ ಹೊಸೆಯುವ ಮೊದಲೇ ಬಂದಿರುತ್ತೇನೆ. ಬರದಿದ್ದರೆ ಎತ್ತುವ ಭಾಗ್ಯ ಅವನಿಗೇ ಇರಲಿ."

ಹೋದ. ಪೆಟ್ಟಿಗೆ ಪಡೆದ. ಹೆಗಲಿಗೇರಿಸಿದ. ಶುಕ್ರವಾರ ನಸುಕಿಗೇ ಬಂದರು ಬಿಟ್ಟ. ನೆಟ್ಟಗೆ ನಡೆದಿದ್ದರೆ ಹೊತ್ತು ಇಳಿಯುವ ಮೊದಲೇ ಊರು ಸೇರುತ್ತಿದ್ದ. ಆದರೆ ಅಂಥ ಹೊರೆ ಹೊತ್ತು ನೆಟ್ಟಗೆ ನಡೆಯುವುದು ಅವನಿಂದ ಆಗುತ್ತದೆಯೇ? ಸಂತೆ ಕಂಡಲ್ಲಿ ನಿಂತ. ಅರಳಿಕಟ್ಟೆ ಕಂಡಲ್ಲಿ ನಿಂತ. ಏನದು ಎಂದು ಕೇಳಿದವರಿಗೆ ಹೇಳಿದ, ಕೇಳದವರನ್ನೂ ಕರೆದು ಹೇಳಿದ. "ನಮ್ಮದು. ಕಡಲು ನುಂಗಿದ್ದು ಮತ್ತೆ ಬಂದಿದೆ. ದೇವರ ಮಾತು, ತೊಗಲಿನ ಮೇಲೆ ಬರೆದದ್ದು."

ಒಬ್ಬ ಉಪ್ಪಿನ ವ್ಯಾಪಾರಿ ತಲೆಯ ಮೇಲೆ ಮೂಟೆ ಹೊತ್ತು ಎದುರಾದ. "ಏನಂತ ಬರೆದಿದೆಯಪ್ಪಾ ಅದರಲ್ಲಿ?" ಎಂದ.

ಗಾಣಿಗನಿಗೆ ಓದು ಬರುತ್ತಿರಲಿಲ್ಲ. "ನಾಳೆ ತಿಳಿಯುತ್ತದೆ. ಮೊದಲು ಹೊರುವುದು, ಆಮೇಲೆ ಕೇಳುವುದು," ಎಂದ.

"ಒಳಗೇನಿದೆ ಎಂದು ತಿಳಿಯದೆ ಹೊರುವುದಕ್ಕೆ ನಮ್ಮ ಕಡೆ ಕತ್ತೆ ಸಾಕುತ್ತಾರೆ."

"ಕತ್ತೆಯೆಂದೇ ಇಟ್ಟುಕೋ. ಈ ಹೊರೆ ಹೊರುವ ಕತ್ತೆಯಾಗುವ ಯೋಗ ನಿನ್ನ ವಂಶದಲ್ಲಿ ಯಾರಿಗಾದರೂ ಬಂದಿತ್ತೇ?"

ವ್ಯಾಪಾರಿ ನಕ್ಕು ಹೋದ. ಗಾಣಿಗನೂ ನಕ್ಕ. ಮುಂದಿನ ಸಂತೆಯಲ್ಲಿ ಆ ಮಾತನ್ನೇ ಇನ್ನಷ್ಟು ಬೆಳೆಸಿ ಹೇಳಿದ. ಹೀಗೆ ಹಗಲು ಮುಗಿಯಿತು.

ಹೊಳೆಯ ಕಡವಿಗೆ ಬಂದಾಗ ಸೂರ್ಯ ನೀರಿಗೆ ತಾಗಿದ್ದ. ಆಚೆ ದಡದಲ್ಲಿ ಇಡೀ ಊರು ನಿಂತಿತ್ತು. ಡೋಲು ಬಾರಿಸುತ್ತಿದ್ದರು. ಅವನನ್ನು ಕಂಡು ಕೂಗಿದರು. ಹೆಂಗಸರು ಬತ್ತಿ ಹೊಸೆದು, ಎಣ್ಣೆ ಹುಯ್ದು, ಕೈಯಲ್ಲಿ ಕೊಳ್ಳಿ ಹಿಡಿದು ಬಾಗಿಲುಗಳಲ್ಲಿ ಕಾಯುತ್ತಿದ್ದರು. ಎಲ್ಲರ ಕಣ್ಣೂ ಅವನ ಅಜ್ಜಿಯ ಮೇಲಿತ್ತು. ಅವಳ ಮನೆ ಹೊಳೆಯ ದಂಡೆಗೇ ಇತ್ತು. ಊರಲ್ಲಿ ಮೊದಲ ದೀಪ ಹಚ್ಚುವವಳು ಅವಳು. ಅವಳು ತಡೆದರೆ ಊರೂ ತಡೆಯುತ್ತಿತ್ತು.

ಅಂಬಿಗ ದೋಣಿ ಹಿಡಿದು ನಿಂತಿದ್ದ. ಗಾಣಿಗ ಒಂದು ಕಾಲು ದೋಣಿಯೊಳಗಿಟ್ಟ. ಅಷ್ಟರಲ್ಲಿ ಸೂರ್ಯನ ಅಂಚು ಮುಳುಗಿತು. ಅಜ್ಜಿ ಮೊಮ್ಮಗನನ್ನು ನೋಡಿದಳು. ಅವನ ಹೆಗಲ ಮೇಲಿನ ಪೆಟ್ಟಿಗೆಯನ್ನು ನೋಡಿದಳು. ದೀಪ ಹಚ್ಚಿದಳು. ಅವಳ ಹಿಂದೆ ಪಕ್ಕದ ಮನೆಯಲ್ಲಿ ಹತ್ತಿತು, ಅದರಾಚೆಯದರಲ್ಲಿ ಹತ್ತಿತು. ಡೋಲು ನಿಂತಿತು.

"ಹತ್ತು, ಹತ್ತು," ಎಂದ ಅಂಬಿಗ. "ಹುಟ್ಟು ಹಾಕುವವನು ನಾನು. ಹೊರೆಯೂ ನನ್ನ ಮೇಲಿರಲಿ. ನೀನು ಸುಮ್ಮನೆ ಕೂತುಕೋ ಮಾರಾಯ, ನಿನಗೇನು ಕಷ್ಟ?"

ಗಾಣಿಗನ ಒಂದು ಕಾಲು ದೋಣಿಯಲ್ಲಿತ್ತು, ಒಂದು ಕಾಲು ನೆಲದಲ್ಲಿತ್ತು. ಆಚೆ ದಡದಲ್ಲಿ ದಾಯಾದಿ ಕೈಕಟ್ಟಿ ನಿಂತದ್ದು ಕಾಣುತ್ತಿತ್ತು. ದಾಟಿದರೆ ನಾಳೆ ಊರೆದುರು ತೋಳೆತ್ತಿ ನಿಲ್ಲುವವನು ಇವನು. ದಾಟದಿದ್ದರೆ ಅವನು. ಬಂದರಿನಿಂದ ಇಲ್ಲಿಯವರೆಗೆ ಆಡಿದ ಮಾತೆಲ್ಲ ನೀರುಪಾಲು. ಜನ್ಮವಿಡೀ ಆ ಹೆಗಲು ಒಲ್ಲೆ ಎಂದದ್ದಿಲ್ಲ.

ಕಾಲು ಹಿಂದಕ್ಕೆ ತೆಗೆದ.

"ನನ್ನ ಎತ್ತಿಗೂ ಇವತ್ತು ಬಿಡುವು. ನನ್ನ ಹೊರೆ ನಿನಗೆ ಹೊರಿಸಿದರೆ ಅದು ಎಂಥ ಬಿಡುವು?" ಎಂದ. ರುಮಾಲು ಬಿಚ್ಚಿ, ಮಡಿಸಿ, ಮರದ ಬುಡದ ಕಲ್ಲಿನ ಮೇಲೆ ಹಾಸಿದ. ಪೆಟ್ಟಿಗೆಯನ್ನು ಅದರ ಮೇಲಿಳಿಸಿದ. ಪಕ್ಕದಲ್ಲಿ ಕೂತ.

ಬೆಳಗಾಯಿತು. ಊರೆಲ್ಲ ಶುಭ್ರ ಬಟ್ಟೆಯುಟ್ಟು ಆಚೆ ದಂಡೆಗೆ ಬಂತು. ಅವನು ಕೂತಲ್ಲೇ ಇದ್ದ.

"ಏನಯ್ಯಾ ಗಂಡುಗಲಿ, ಹೆಗಲು ಸೋತಿತೇ?" ಎಂದು ದಾಯಾದಿ ಕೂಗಿದ.

"ಸೋತಿದ್ದರೆ ಮಲಗಿರುತ್ತಿದ್ದೆ! ಕಣ್ಣು ಕಾಣುವುದಿಲ್ಲವೇ, ಕಾವಲು ಕೂತಿದ್ದೇನೆ!" ಎಂದು ಇವನು ಈಚೆಯಿಂದ ಕೂಗಿದ. ಆಮೇಲೆ ದನಿ ಸ್ವಲ್ಪ ತಗ್ಗಿಸಿದ. "ಅಜ್ಜೀ, ಇನ್ನೊಂದು ಗಳಿಗೆ ಕಾಯಬಾರದಿತ್ತೇ?"

"ಸೂರ್ಯ ಕಾದನೇನೋ?" ಎಂದಳು ಅಜ್ಜಿ. ಅವಳ ದನಿ ಗಟ್ಟಿಯಾಗಿಯೇ ಇತ್ತು. ಸೆರಗು ಮಾತ್ರ ಕಣ್ಣಿನ ಹತ್ತಿರ ಹೋಯಿತು. "ರೊಟ್ಟಿ ಇದೆಯೇನೋ ಗಂಟಿನಲ್ಲಿ?"

"ಇದೆ."

"ತಿನ್ನು."

ಜನರಲ್ಲಿ ಗುಜುಗುಜು ಎದ್ದಿತು. ತೋರಾ ಕಣ್ಣೆದುರಿಗಿದೆ, ನಡುವೆ ಇಷ್ಟೇ ನೀರು. ಓದುವವನು ಸಿದ್ಧನಿದ್ದಾನೆ. ಅವರಲ್ಲೊಬ್ಬನು ಊರ ಹಿರಿಯನ ಹತ್ತಿರ ಬಂದು, "ಕಾಕಾ, ಎಣ್ಣೆ ಹೊರುವುದು ಬೇರೆ, ಇದು ಬೇರೆ. ತೋರಾಕ್ಕಾಗಿಯೇ ಅಲ್ಲವೇ? ದೋಣಿ ಕಳಿಸೋಣ," ಎಂದ. ಹೌದು ಹೌದು ಎಂದರು ಹಲವರು.

ಹಿರಿಯ ಹೊಳೆಯತ್ತಲೇ ನೋಡುತ್ತಿದ್ದ. "ಹಡಗು ಒಡೆದ ದಿನದಿಂದ ನಾವು ಪುಸ್ತಕವಿಲ್ಲದೆ ಶನಿವಾರ ಉಳಿಸಿಕೊಂಡು ಬಂದ ಜನ. ಪುಸ್ತಕ ಬಂದ ದಿನವೇ ಅದನ್ನು ಕಳೆಯುವುದೇ?" ಎಂದ. ಹೇಳಿ ಅಲ್ಲೇ ಮರಳ ಮೇಲೆ ಕೂತ.

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಆಚೆ ದಡದಲ್ಲಿ ಊರು, ಈಚೆ ದಡದಲ್ಲಿ ಒಬ್ಬ. ನಡುವೆ ನೀರು. ಅವರು ತಮಗೆ ಗೊತ್ತಿದ್ದ ಒಂದೇ ಸಾಲನ್ನು ಆಚೆಯಿಂದ ಹೇಳಿದರು: 'ಕೇಳು ಇಸ್ರಾಯೇಲೇ.' ಅವನು ಈಚೆಯಿಂದ ಮುಗಿಸಿದ: 'ನಮ್ಮ ದೇವರು ಒಬ್ಬನೇ.' ಅಂಬಿಗನ ದೋಣಿ ಬೇರೆ ಊರಿನವರನ್ನು ಹತ್ತಿಸಿಕೊಂಡು ಹೋಗಿ ಬರುತ್ತಲೇ ಇತ್ತು. ಗಾಣಿಗರು ಯಾರೂ ಅದರ ಹತ್ತಿರ ಹೋಗಲಿಲ್ಲ.

ಮಧ್ಯಾಹ್ನ ಉಪ್ಪಿನ ವ್ಯಾಪಾರಿ ಅದೇ ದಾರಿಯಲ್ಲಿ ಮೂಟೆ ಹೊತ್ತು ಬಂದ. ಗಾಣಿಗನನ್ನು ನೋಡಿ ನಿಂತ. "ಇನ್ನೂ ಇಲ್ಲೇ ಇದ್ದೀಯಾ? ನಾಳೆ ತಿಳಿಯುತ್ತದೆ ಅಂದಿದ್ದೆಯಲ್ಲ, ತಿಳಿಯಿತೇ? ಏನಂತೆ ಬರೆದಿರುವುದು?"

"ಎಲ್ಲ ಗೊತ್ತಿಲ್ಲ. ಒಂದು ಗೊತ್ತು. ಇವತ್ತು ಹೊರಬಾರದು ಎಂದು ಬರೆದಿದೆ."

"ಇದನ್ನೂ?"

"ಇದನ್ನೂ."

ವ್ಯಾಪಾರಿ ಆಚೆ ದಡದಲ್ಲಿ ಕೂತ ಊರನ್ನು ನೋಡಿದ. ಈಚೆ ಕೂತವನನ್ನು ನೋಡಿದ. ಈ ಸಲ ನಗಲಿಲ್ಲ. ತನ್ನ ಮೂಟೆಯನ್ನೂ ಇಳಿಸಿ, ಅವನ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಎದ್ದು ಹೋದ.

ಸಂಜೆ ನಕ್ಷತ್ರ ಮೂಡಿತು. ಒಮ್ಮೆಗೇ ಡೋಲು ಬಡಿಯಿತು. ದೋಣಿಗಳು ಬಂದವು. ಹೆಂಗಸರು ಅವಲಕ್ಕಿಗೆ ಬೆಲ್ಲ ತೆಂಗು ಕಲಸಿ ತಂದರು. ಶುಭ ನಡೆದಾಗ ನಮ್ಮ ಜನ ಮಾಡುವ ಮಲಿದಾ ಅದು. ಹಿರಿಯ ಪೆಟ್ಟಿಗೆಗೆ ಹಣೆ ಹಚ್ಚಿದ. ಆಮೇಲೆ ಗಾಣಿಗನ ಕಡೆ ತಿರುಗಿದ.

"ದೀಪ ಹತ್ತುವ ಮೊದಲು ಎಂದಿದ್ದೆ. ನೀನು ತರಲಿಲ್ಲ."

"ಇಲ್ಲ ಕಾಕಾ. ತರಲಿಲ್ಲ."

"ಯಾಕೆ ತಡವಾಯಿತು?"

"ಬಾಯಿಂದ."

ಹಿರಿಯನಿಗೆ ನಗು ಬಂತು. ಆದರೆ ಮಾತು ಮಾತೇ. ಶನಿವಾರ ಬಿಟ್ಟರೆ ತೋರಾ ಓದುವ ಮುಂದಿನ ದಿನ ಸೋಮವಾರ. ಅಂದು ಬೆಳಿಗ್ಗೆ ಆ ಊರಲ್ಲಿ ಮೊದಲ ಸಲ ತೋರಾ ಓದಿದರು. ಪೆಟ್ಟಿಗೆ ತೆರೆದು ಮೇಲೆತ್ತಿದವನು ದಾಯಾದಿ. ಭಾರಕ್ಕೆ ತೋಳು ಬಾಗಿತು, ಆದರೆ ಎತ್ತಿದ. ಜನ ಎದ್ದು ನಿಂತು 'ಇದೇ ತೋರಾ' ಎಂದರು. ಗಾಣಿಗ ಹಿಂದೆ, ಬಾಗಿಲ ಹತ್ತಿರ ನಿಂತಿದ್ದ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವನು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಎಲೋಜಿಯ ಮುಖ ಕೆಂಪಾಗಿತ್ತು. ಕೇಳುತ್ತ ಕೇಳುತ್ತ ಆ ಗಾಣಿಗನ ಹೆಗಲು ಅವನದೇ ಹೆಗಲಾಗಿಬಿಟ್ಟಿತ್ತು. ಅಂಥವನನ್ನು ಬಾಗಿಲ ಹತ್ತಿರ ನಿಲ್ಲಿಸುವುದೇ?

"ಇದು ಅನ್ಯಾಯ ಗುರುಗಳೇ! ಹೊತ್ತವನು ಇವನು, ಕಾದವನು ಇವನು. ಎತ್ತಿದವನು ಇನ್ನೊಬ್ಬ. ನಾನಾಗಿದ್ದರೆ ಆ ದಾಯಾದಿಯನ್ನು ಹೊಳೆಗೆ ಎಸೆಯುತ್ತಿದ್ದೆ. ಅದಿರಲಿ, ಕೊನೆಗೆ ಅವನಿಗೆ ಏನು ಕೊಟ್ಟರು? ಒಂದು ರುಮಾಲಾದರೂ ಸುತ್ತಿದರೇ? ಏನೂ ಕೊಡಲಿಲ್ಲವೇ?"

"ಅವನೂ ಬೆಟ್ಟದ ಬುಡದಲ್ಲಿ ನಿಂತಿರಲಿಲ್ಲ. ಶನಿವಾರದ ಮಾತಿಗಾಗಿ ಈಚೆ ದಡದಲ್ಲಿ ಹೊರೆ ಇಳಿಸಿ ಕೂತನಲ್ಲ ಎಲೋಜಿ, ಆಗಲೇ ಅವನಿಗೆ ತೋರಾ ಕೊಟ್ಟಾಗಿತ್ತು."